ಐಸ್‌ಲ್ಯಾಂಡಿನ ನಟರಿಗೆ ಪ್ರಾಂಪ್ಟರ್ ಆದದ್ದು

ಆ ಹಿರಿಯ ನಟರ ಮಾತು ನಡುವೆ ನಿಂತುಹೋದಾಗ ಯುನಿಟ್ಟಿನವರೆಲ್ಲ ನೆಲ ನೋಡುತ್ತಿದ್ದರು. ನಾನು ಮಾತ್ರ ಅವರ ಮುಖವನ್ನೇ ನೋಡುತ್ತಿರಬೇಕಾಗಿತ್ತು. ನನ್ನ ಕೆಲಸವೇ ಅದು.

ಸಿನಿಮಾದಲ್ಲಿ ಒಂದು ದೃಶ್ಯವನ್ನು ತುಂಡು ತುಂಡಾಗಿ, ಹಿಂದುಮುಂದಾಗಿ, ಎಷ್ಟೋ ಸಲ ಬೇರೆ ಬೇರೆ ದಿನಗಳಲ್ಲಿ ತೆಗೆಯುತ್ತಾರೆ. ಆಮೇಲೆ ಆ ತುಂಡುಗಳು ಒಂದಕ್ಕೊಂದು ಹೊಂದಬೇಕು. ನಟ ಯಾವ ಮಾತಿಗೆ ಕತ್ತು ತಿರುಗಿಸಿದ, ಬಾಟಲಿಯಲ್ಲಿ ನೀರು ಎಲ್ಲಿಯವರೆಗಿತ್ತು, ಬೂಟಿನ ಮೇಲೆ ಎಷ್ಟು ಧೂಳಿತ್ತು, ಒಂದೊಂದು ಮಾತು ಎಷ್ಟು ಹೊತ್ತು ನಡೆಯಿತು ಎಂಬುದನ್ನೆಲ್ಲ ನೋಡಿ ಗುರುತು ಹಾಕಿಕೊಳ್ಳುವವಳು ನಾನು. ಕಂಟಿನ್ಯುಟಿ ಎನ್ನುತ್ತಾರೆ. ಕ್ಯಾಮೆರಾದ ಪಕ್ಕ ಮಡಚುವ ಕುರ್ಚಿಯಲ್ಲಿ ಕೂತು, ಮೊಣಕಾಲ ಮೇಲೆ ಸ್ಕ್ರಿಪ್ಟ್ ಇಟ್ಟುಕೊಂಡು, ಯಾರೊಂದಿಗೂ ಹೆಚ್ಚು ಮಾತಾಡದೆ ದಿನ ಕಳೆಯಬಹುದು. ಈ ಕೆಲಸ ನನಗೆ ಹಿಡಿಸಿದ್ದು ಆ ಕಾರಣಕ್ಕೇ.

ಕಳೆದ ಚಳಿಗಾಲದಲ್ಲಿ ಮಸ್ಕತ್ತಿನಿಂದ ಕೆಲವು ಗಂಟೆ ದೂರದ ಬೆಟ್ಟದ ಹಳ್ಳಿಯೊಂದರಲ್ಲಿ ಯುರೋಪಿನವರು ತೆಗೆಯುತ್ತಿದ್ದ ಚಿತ್ರಕ್ಕೆ ಹೋಗಿದ್ದೆ. ಕಥೆ ಸರಳವಾಗಿತ್ತು. ಐಸ್‌ಲ್ಯಾಂಡಿನ ಹುಡುಗನೊಬ್ಬ ಒಮಾನಿನ ಕಲ್ಲುಗಳನ್ನು ಅಧ್ಯಯನ ಮಾಡಲು ಬಂದು ವಾದಿಯ ಪ್ರವಾಹದಲ್ಲಿ ಕೊಚ್ಚಿಹೋಗುತ್ತಾನೆ. ವಾದಿ ಎಂದರೆ ವರ್ಷವಿಡೀ ಒಣಗಿದ್ದು, ಮೇಲೆ ಬೆಟ್ಟದಲ್ಲಿ ಮಳೆಯಾದಾಗ ಇದ್ದಕ್ಕಿದ್ದಂತೆ ತುಂಬಿ ಬರುವ ಹೊಳೆ. ಆರೇಳು ತಿಂಗಳ ನಂತರ ಹುಡುಗನ ತಂದೆ ಬಂದು, ದೇಹವನ್ನು ದಡಕ್ಕೆ ತಂದ ಹಳ್ಳಿಯ ಹಿರಿಯನ ಎದುರು ಕೂತು ಇಂಗ್ಲಿಷಿನಲ್ಲಿ ಒಂದು ಪುಟದಷ್ಟು ಮಾತಾಡುತ್ತಾನೆ. ಅದು ಕೊನೆಯ ದೃಶ್ಯ. ಚಿತ್ರದ ಉಳಿದದ್ದೆಲ್ಲ ಆ ಒಂದು ಪುಟಕ್ಕೆ ನಡೆದುಕೊಂಡು ಹೋಗುವ ದಾರಿ.

ತಂದೆಯ ಪಾತ್ರದವರು ಐಸ್‌ಲ್ಯಾಂಡಿನ ರಂಗನಟರು, ಅರವತ್ತು ದಾಟಿದವರು. ಎದುರಿನ ಹಿರಿಯನ ಪಾತ್ರಕ್ಕೆ ಅದೇ ಹಳ್ಳಿಯ ನಿವೃತ್ತ ಮೇಷ್ಟರನ್ನು ಹಿಡಿದಿದ್ದರು. ಅವರು ಹಿಂದೆಂದೂ ಕ್ಯಾಮೆರಾ ಕಂಡವರಲ್ಲ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು.

ಮೊದಲ ಕೆಲವು ದಿನ ಏನೂ ಗೊತ್ತಾಗಲಿಲ್ಲ. ತಂದೆ ನಡೆಯುತ್ತಾನೆ, ಕಾರು ಓಡಿಸುತ್ತಾನೆ, ಹೋಟೆಲಿನವನ ಹತ್ತಿರ ಒಂದೆರಡು ಮಾತಾಡುತ್ತಾನೆ. ಮಾತು ಸ್ವಲ್ಪ ಉದ್ದವಾದ ದಿನ ತೊಂದರೆ ಶುರುವಾಯಿತು. ವಾಕ್ಯದ ಮಧ್ಯೆ ಆ ರಂಗನಟರು ನಿಲ್ಲುತ್ತಿದ್ದರು. ಮುಖ ಪಾತ್ರದಲ್ಲೇ ಇರುತ್ತಿತ್ತು, ಕೈ ಮಾತ್ರ ಪ್ಯಾಂಟಿನ ಹೊಲಿಗೆಯನ್ನು ತಡಕುತ್ತಿತ್ತು. ನಿರ್ದೇಶಕಿ ಕಾಯುತ್ತಿದ್ದರು, ಆಮೇಲೆ ಮೆಲ್ಲಗೆ "ಕಟ್" ಎನ್ನುತ್ತಿದ್ದರು. ಮತ್ತೆ ಮೊದಲಿನಿಂದ. ಒಂದು ಸಂಜೆ ನಿರ್ಮಾಪಕರ ಫೋನು ಬಂತು. ನಿರ್ದೇಶಕಿ ಬಂಡೆಯ ಹಿಂದೆ ಹೋಗಿ ಮಾತಾಡಿದರು. ಆದರೆ ಆ ಕಣಿವೆಯಲ್ಲಿ ಯಾವ ಬಂಡೆಯ ಹಿಂದೆ ಮಾತಾಡಿದರೂ ಎಲ್ಲರಿಗೂ ಕೇಳಿಸುತ್ತದೆ.

ನಮ್ಮ ಯುನಿಟ್ ಮ್ಯಾನೇಜರ್ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಮಸ್ಕತ್ತಿನ ರೂವಿಯಲ್ಲಿ ಬಹಳ ವರ್ಷಗಳಿಂದ ಇರುವವರು. ಅಲ್ ಹೈಲ್‌ನಲ್ಲಿರುವ ನಮ್ಮ ಮನೆಗೂ ಪರಿಚಿತರು, ನನಗೆ ಅಂಕಲ್. ಈ ಕೆಲಸ ಕೊಡಿಸಿದವರೂ ಅವರೇ. ಅವರು ನನ್ನನ್ನು ಊಟದ ಡೇರೆಯ ಹಿಂದೆ ಕರೆದರು.

"ಏ ಮಾರಾಯ್ತಿ, ನೀನೊಬ್ಬಳು ಇದ್ದುಕೊಂಡು ಇವರು ಯಾಕೆ ತಲೆ ಕೆಡಿಸಿಕೊಳ್ಳುದು? ಹೋಗಿ ಹೇಳು ಮೇಡಮಿಗೆ, ನನಗೆ ಪ್ರಾಂಪ್ಟಿಂಗ್ ಬರ್ತದೆ ಅಂತ."

"ಅಂಕಲ್, ಅದು ನಮ್ಮ ಸಂಘದ ನಾಟಕ."

"ಸಂಘದ ನಾಟಕ ಅಂದ್ರೆ ಕಡಿಮೆಯಾ? ನಾನು ಇಷ್ಟು ವರ್ಷ ಹೀರೋ ಆದದ್ದು ಹೇಗೆ? ಒಂದು ಡೈಲಾಗಾದ್ರೂ ಬಾಯಿಪಾಠ ಮಾಡಿದ್ದುಂಟಾ ನಾನು? ಪ್ರಾಂಪ್ಟರ್ ಇರುವಾಗ ಬಾಯಿಪಾಠ ಮಾಡುದು ಪ್ರಾಂಪ್ಟರಿಗೆ ಅವಮಾನ."

ಅವರು ಹೇಳಿದ್ದು ತಮಾಷೆಯಾದರೂ ಸುಳ್ಳಲ್ಲ. ಮಸ್ಕತ್ತಿನಲ್ಲಿರುವ ನಮ್ಮ ಊರ ಕಡೆಯವರ ಸಂಘದ ನಾಟಕಗಳಲ್ಲಿ ಯಾರಿಗೂ ಮಾತು ಬಾಯಿಗೆ ಬಂದಿರುವುದಿಲ್ಲ. ರುಸೈಲ್‌ನ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿದವರು, ಬ್ಯಾಂಕಿನವರು, ಆಸ್ಪತ್ರೆಯವರು ರಜೆಯ ದಿನವಾದ ಶುಕ್ರವಾರ ಮಾತ್ರ ಸಿಗುತ್ತಾರೆ. ಆದ್ದರಿಂದ ಪರದೆಯ ಬದಿಯಲ್ಲಿ ನಿಂತ ಪ್ರಾಂಪ್ಟರ್ ಪ್ರತಿಯೊಂದು ಮಾತನ್ನೂ ಮುಂಚಿತವಾಗಿ ಓದುತ್ತಾಳೆ, ನಟರು ಅದನ್ನು ಕೇಳಿ ಜೋರಾಗಿ ಹೇಳುತ್ತಾರೆ. ಮುಂದಿನ ಸಾಲಿನ ಪ್ರೇಕ್ಷಕರಿಗೆ ನಾಟಕ ಎರಡು ಸಲ ಕೇಳಿಸುತ್ತದೆ. ಅಲ್ಲಿ ರಂಗದ ಮೇಲೆ ಒಂದು ಕ್ಷಣ ಸದ್ದಿಲ್ಲದಿದ್ದರೆ ಅದು ಪ್ರಾಂಪ್ಟರಿನ ತಪ್ಪು. ಕಾಲೇಜು ಮುಗಿಸಿ ಮಂಗಳೂರಿನಿಂದ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಅದೇ. ಪರದೆಯ ಹಿಂದೆ ನಿಲ್ಲುವುದಾದ್ದರಿಂದ ಒಪ್ಪಿಕೊಂಡಿದ್ದೆ. ಚೆನ್ನಾಗಿಯೇ ಮಾಡುತ್ತಿದ್ದೆ. ಒಂದು ಸಂದಿಯನ್ನೂ ಬಿಡುತ್ತಿರಲಿಲ್ಲ.

ಅಂಕಲ್ ನಾನು ಹೋಗುವವರೆಗೆ ಕಾಯಲಿಲ್ಲ, ತಾವೇ ಹೋಗಿ ಹೇಳಿದರು. ನಿರ್ದೇಶಕಿ ನನ್ನನ್ನೂ ನಟರನ್ನೂ ಧ್ವನಿ ದಾಖಲಿಸುವವರನ್ನೂ ಕೂರಿಸಿ ಮಾತಾಡಿದರು. (ಅವರೆಲ್ಲ ಇಂಗ್ಲಿಷಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ನಟರು ತಕ್ಷಣ ಒಪ್ಪಿದರು. ತಕರಾರು ಬಂದದ್ದು ಧ್ವನಿಯವರಿಂದ. ಅವರು ಕೇರಳದವರು, ಕೆಲಸದಲ್ಲಿ ಬಹಳ ಕಟ್ಟುನಿಟ್ಟು.

"ಇವಳ ಪಿಸುಮಾತೂ ನನ್ನ ಟ್ರ್ಯಾಕಿನಲ್ಲಿ ಬೀಳುತ್ತದೆ. ಅವರ ಮಾತಿನ ಮೇಲೆ ಬಿದ್ದರೆ ತೆಗೆಯಲಾಗುವುದಿಲ್ಲ. ಮಾತು ಪೂರ್ತಿ ನಿಂತ ಮೇಲೆ ಎರಡೇ ಎರಡು ಶಬ್ದ ಕೊಡಬೇಕು. ಭಾವ ಗೀವ ಏನೂ ಬೇಡ, ಸಪಾಟಾಗಿ. ಅವರು ಅದನ್ನು ಕೇಳಿ, ಸ್ವಲ್ಪ ತಡೆದು ಶುರುಮಾಡಬೇಕು. ಆ ಸಂದಿಯಲ್ಲಿ ಎಡಿಟರ್ ನನ್ನ ಧ್ವನಿ ಕತ್ತರಿಸಿ ಎದುರಿನವರ ಮುಖ ಹಾಕಿಕೊಳ್ಳಲಿ."

ಹಾಗೆ ನಾನು ಎರಡು ಕೆಲಸದವಳಾದೆ. ಬಲಗಣ್ಣಿನಲ್ಲಿ ಅಂಗಿ ತೋಳಿನ ಮಡಿಕೆ, ಎಡಗಣ್ಣಿನಲ್ಲಿ ಮಾತಿನ ಸಾಲು ಎನ್ನುವಂತೆ. ನಟರು ನಿಲ್ಲುವ ಮುಂಚೆಯೇ ನನ್ನ ನಾಲಿಗೆಯಲ್ಲಿ ಮುಂದಿನ ಎರಡು ಶಬ್ದ ಸಿದ್ಧವಾಗಿರುತ್ತಿದ್ದವು. ಮಲಗಿದಾಗಲೂ ಯಾರೋ ಮಾತು ನಿಲ್ಲಿಸಿದಂತೆ ಎನಿಸಿ ಎಚ್ಚರವಾಗುತ್ತಿತ್ತು. ಆದರೂ ಕೆಲಸ ಸಾಗಿತು. ಉಳಿದಿದ್ದ ಉದ್ದ ಮಾತಿನ ದೃಶ್ಯಗಳು ಒಂದೊಂದಾಗಿ ಮುಗಿದವು. ನಿರ್ದೇಶಕಿ ನನಗೆ ಬೆಳಿಗ್ಗೆ ನಮಸ್ಕಾರ ಹೇಳಲಾರಂಭಿಸಿದರು.

ತಂಗಿದ್ದ ಅತಿಥಿಗೃಹದಿಂದ ಹಳ್ಳಿಗೆ ಹೋಗುವ ಕಾರಿನಲ್ಲಿ ಈಗ ನಾನು ನಟರ ಜೊತೆ ಕೂರುತ್ತಿದ್ದೆ, ಮಾತು ಒಪ್ಪಿಸಿಕೊಳ್ಳುವುದಕ್ಕೆ. ಅವರು ಮುಂದೆ, ನಾನು ಹಿಂದೆ. ತಮ್ಮನ್ನು ಹೆಸರು ಹಿಡಿದು ಕರೆಯುವಂತೆ ಮೊದಲ ದಿನವೇ ಹೇಳಿದ್ದರು. ಅವರ ದೇಶದಲ್ಲಿ ಮಂತ್ರಿಯನ್ನೂ ಹಾಗೇ ಕರೆಯುತ್ತಾರಂತೆ. ನನಗೆ ಬಾಯಿ ಬರಲಿಲ್ಲ, ಸರ್ ಎಂದೇ ಕರೆದೆ.

"ನೀನು ಸರ್ ಎಂದಾಗಲೆಲ್ಲ ಹಿಂದೆ ಯಾರೋ ದೊಡ್ಡವರು ಬಂದರೇನೋ ಎಂದು ತಿರುಗಿ ನೋಡಬೇಕೆನಿಸುತ್ತದೆ."

"ರೂಢಿ ಸರ್."

ಅವರು ನಕ್ಕರು. ಆಮೇಲೆ ಆ ಬಗ್ಗೆ ಒತ್ತಾಯಿಸಲಿಲ್ಲ.

ಅವರ ನಾಡು ಸಣ್ಣದು. ನಟನಾದವನು ಎಲ್ಲವನ್ನೂ ಮಾಡಬೇಕು. ಮಧ್ಯಾಹ್ನ ಮಕ್ಕಳ ನಾಟಕದಲ್ಲಿ ಕರಡಿ, ಸಂಜೆ ಅದೇ ರಂಗದ ಮೇಲೆ ಮಗಳನ್ನು ಕಳೆದುಕೊಂಡ ರಾಜ, ನಡುವೆ ಓಡಿಹೋಗಿ ರೇಡಿಯೋದಲ್ಲಿ ಒಂದು ಪಾತ್ರ. ಬೇಸಿಗೆಯಲ್ಲಿ ಹೊರಗಿನಿಂದ ಸಿನಿಮಾದವರು ಬರುತ್ತಾರೆ. ಅವರಿಗೆ ಬೇಕಾದದ್ದು ಗಡ್ಡ, ದೋಣಿ, ಚಳಿ. "ಸಿನಿಮಾದಲ್ಲಿ ನಾನು ಹೆಚ್ಚಾಗಿ ಮುಳುಗಿ ಸತ್ತಿದ್ದೇನೆ," ಎಂದರು ಒಂದು ಬೆಳಿಗ್ಗೆ. "ದಡದಲ್ಲಿ ಕೂತು ಮಾತಾಡುವ ಪಾತ್ರ ಇದೇ ಮೊದಲು. ಅದಕ್ಕಾಗಿ ನೀರೇ ಇಲ್ಲದ ದೇಶಕ್ಕೆ ಬರಬೇಕಾಯಿತು."

ಹಿಂದಿನ ವರ್ಷ ನಡೆದದ್ದನ್ನೂ ಅವರೇ ಹೇಳಿದರು, ರಸ್ತೆಯನ್ನು ನೋಡುತ್ತಾ. ರಾಜಧಾನಿಯ ರಂಗಮಂದಿರದಲ್ಲಿ, ತಮ್ಮದೇ ಭಾಷೆಯಲ್ಲಿ, ನೂರಾರು ಸಲ ಆಡಿದ ಮಾತಿನ ನಡುವೆ ಎಲ್ಲವೂ ಹೋಗಿಬಿಟ್ಟಿತು. ಪ್ರೇಕ್ಷಕರು ಮೊದಲು ಅದನ್ನೂ ನಟನೆಯೆಂದೇ ತಿಳಿದರು. ಕೊನೆಗೆ ಪರದೆ ಎಳೆಯಬೇಕಾಯಿತು. ವೈದ್ಯರಿಗೆ ಏನೂ ಕಾಣಿಸಲಿಲ್ಲ, ವಯಸ್ಸು ಎಂದರು. ಮುಂದಿನ ಹಂಗಾಮಿನ ನಾಟಕಗಳಲ್ಲಿ ಅವರಿಗೆ ಪಾತ್ರವಿರಲಿಲ್ಲ. ಯಾರೂ ಏನೂ ಹೇಳಲಿಲ್ಲ, ಪಾತ್ರ ಕೊಡಲಿಲ್ಲ, ಅಷ್ಟೇ. ಈ ಚಿತ್ರದಲ್ಲಿಯೂ ಹಾಗೇ ಆಯಿತೆಂದು ಸುದ್ದಿಯಾದರೆ ಇನ್ನು ಯಾವ ನಿರ್ಮಾಪಕನೂ ಕರೆಯುವುದಿಲ್ಲ.

"ಕೊನೆಯ ಪುಟ ನನಗೆ ಬೇಕು," ಎಂದರು. "ಉಳಿದದ್ದರಲ್ಲಿ ಏನು ಬೇಕಾದರೂ ಕತ್ತರಿಸಿಕೊಳ್ಳಲಿ."

ಕೊನೆಯ ದೃಶ್ಯಕ್ಕೆ ಎರಡು ಬೆಳಿಗ್ಗೆಗಳಿದ್ದವು. ವಾದಿಯ ದಡದ ಆ ಜಾಗ ಬೆಟ್ಟದ ನೆರಳಿನಲ್ಲಿತ್ತು. ಬೆಳಕು ಹರಿದ ಮೇಲೆ, ಸೂರ್ಯ ಬೆಟ್ಟದ ಅಂಚು ದಾಟುವುದಕ್ಕೆ ಮುಂಚೆ ಸಿಗುವ ಹೊತ್ತಿನಲ್ಲಿ ಎಲ್ಲವನ್ನೂ ತೆಗೆಯಬೇಕು. ಬಿಸಿಲು ಬಿದ್ದರೆ ಮುಖದ ಬಣ್ಣವೇ ಬೇರೆಯಾಗುತ್ತದೆ, ಹಿಂದಿನ ತುಂಡಿಗೆ ಹೊಂದುವುದಿಲ್ಲ.

ಮೊದಲ ಬೆಳಿಗ್ಗೆ ಎಲ್ಲರೂ ಸಿದ್ಧರಿದ್ದರು. ಉಸ್ತಾದ್ ಬಿಳಿ ದಿಶ್‌ದಾಶಾ ಎಂಬ ಉದ್ದ ನಿಲುವಂಗಿ ತೊಟ್ಟು, ಚಾಪೆಯ ಮೇಲೆ ಕೂತು, ಪಕ್ಕದಲ್ಲಿ ಕಾಫಿಯ ಪಾತ್ರೆ ಇಟ್ಟುಕೊಂಡಿದ್ದರು. ಅವರಿಗೆ ಮಾತಿಲ್ಲ. ಕಾಫಿ ಕೊಡುವುದು, ಕೇಳುವುದು, ಅಷ್ಟೇ.

"ಸದೀಕ್," ಎಂದರು ಅವರು, ಗೆಳೆಯಾ ಎನ್ನುವಂತೆ, ಅಂಕಲ್‌ಗೆ ಹಿಂದಿಯಲ್ಲಿ, "ನಿನ್ನೆಯ ತಾಲೀಮಿನಿಂದ ಇದೇ ಕಾಫಿ. ತಣ್ಣಗಾಗಿದೆ. ಅತಿಥಿಗೆ ಇದನ್ನು ಕೊಟ್ಟರೆ ನನ್ನ ಹೆಂಡತಿ ನನ್ನನ್ನು ಮನೆಗೆ ಸೇರಿಸುವುದಿಲ್ಲ."

"ಇದು ಸಿನಿಮಾ, ಉಸ್ತಾದ್!"

"ಸಿನಿಮಾ ಇರಬಹುದು. ಕುಡಿಯುವವನು ನಿಜವಾದ ಮನುಷ್ಯ ಅಲ್ಲವೇ?"

ಬಿಸಿ ಕಾಫಿ ತರಿಸಿದ ಮೇಲೆಯೇ ಅವರು ಶೂಟಿಂಗಿಗೆ ಒಪ್ಪಿದ್ದು.

ಕ್ಯಾಮೆರಾ ಓಡಿತು. ನಟರು ಶುರುಮಾಡಿದರು. ಮಗ ನೀರಿಗೆ ಹೆದರುವವನಾಗಿರಲಿಲ್ಲ, ಮನೆಯ ಹಿಂದೆಯೇ ಸಮುದ್ರ ಎಂದರು. ನಾನು ಎರಡು ಕಡೆ ಶಬ್ದ ಕೊಟ್ಟೆ, ಅವರು ಎತ್ತಿಕೊಂಡರು. ಆಮೇಲೆ ಆ ಸಾಲು ಬಂತು. "ಇಲ್ಲಿ ನೀರಿಲ್ಲ ಎಂಬ ಧೈರ್ಯದಿಂದ ನಾನೇ ಅವನನ್ನು ಕಳಿಸಿದೆ." ಅಲ್ಲಿ ಅವರು ನಿಂತರು.

ಮುಂದಿನ ಸಾಲು, "ನೀವು ಅವನ ಬೂಟು ಒಣಗಿಸಿ ಇಟ್ಟಿದ್ದಿರಿ." ನನ್ನ ಬಾಯಲ್ಲಿ ಸಿದ್ಧವಾಗಿತ್ತು. "ನೀವು ಅವನ," ಎಂದೆ.

ಶಬ್ದ ಹೊರಟ ಕೂಡಲೇ ತಪ್ಪಿದೆನೆಂದು ಗೊತ್ತಾಯಿತು. ಅವರ ಕೈ ಪ್ಯಾಂಟಿನ ಹೊಲಿಗೆಯನ್ನು ತಡಕುತ್ತಿರಲಿಲ್ಲ. ಎದುರಿಗೆ ಉಸ್ತಾದ್ ಕಣ್ಣು ತುಂಬಿಕೊಂಡು ಕೂತಿದ್ದರು. ನನ್ನ ದನಿ ಕೇಳಿ ಅವರು ಬೆಚ್ಚಿ ಕ್ಯಾಮೆರಾ ಕಡೆ ನೋಡಿಬಿಟ್ಟರು. ನಿರ್ದೇಶಕಿ "ಕಟ್" ಎಂದರು. ನಟರು ಎದ್ದು ವಾದಿಯ ಕಲ್ಲುಗಳ ಮೇಲೆ ಸ್ವಲ್ಪ ದೂರ ನಡೆದುಹೋದರು. ಮರಳಿ ಬಂದು ಮತ್ತೆ ಪ್ರಯತ್ನಿಸಿದರು. ಈಗ ನಿಜವಾಗಿಯೇ ಮರೆಯಲಾರಂಭಿಸಿದರು. ಮೂರು ಸಾಲಿಗೊಮ್ಮೆ ನಾನು ಬಾಯಿ ತೆರೆಯಬೇಕಾಯಿತು. ಅಷ್ಟರಲ್ಲಿ ಬಿಸಿಲು ಚಾಪೆಯ ಅಂಚಿಗೆ ಬಂತು.

ಸಾಮಾನು ಕಟ್ಟುವಾಗ ನಿರ್ದೇಶಕಿಯ ಹತ್ತಿರ ಹೋದೆ. "ಮೊದಲ ಟೇಕಿನಲ್ಲಿ ಅವರು ಮರೆತಿರಲಿಲ್ಲ. ಸುಮ್ಮನಿದ್ದರು. ನಾನು ಅವಸರ ಮಾಡಿದೆ."

"ನೀನು ಒಳ್ಳೆಯವಳು," ಎಂದರು ಅವರು, ಆಯಾಸದಿಂದ. "ಆದರೆ ಅವರು ಮರೆಯುವುದನ್ನು ನಾನು ದಿನಾ ನೋಡುತ್ತಿದ್ದೇನೆ."

ನಾನು ನಟರ ಪರವಾಗಿ ಸುಳ್ಳು ಹೇಳುತ್ತಿದ್ದೇನೆಂದು ತಿಳಿದರು. ತುಣುಕುಗಳನ್ನು ನೋಡುವ ನಿರ್ಮಾಪಕರಿಗೂ ಹಾಗೇ ಕಾಣುತ್ತದೆ. ನಟ ನಿಲ್ಲುತ್ತಾನೆ, ಹಿಂದಿನಿಂದ ಹೆಣ್ಣುದನಿಯೊಂದು ಮಾತು ಎತ್ತಿಕೊಡುತ್ತದೆ. ಮರೆತದ್ದಕ್ಕೆ ನನ್ನ ದನಿಯೇ ಪುರಾವೆ.

ಮಧ್ಯಾಹ್ನ ತೀರ್ಮಾನ ಬಂತು. ಮರುದಿನ ಬೆಳಿಗ್ಗೆ ಕೊನೆಯ ಅವಕಾಶ. ಆಗದಿದ್ದರೆ ತಂದೆಯನ್ನು ಬೆನ್ನ ಹಿಂದಿನಿಂದ ತೆಗೆಯುವುದು. ಮಾತನ್ನು ಆಮೇಲೆ ಬೇರೆ ನಟನೊಬ್ಬನ ದನಿಯಲ್ಲಿ ಸೇರಿಸುವುದು. ಧ್ವನಿಯವರು ಇನ್ನೊಂದು ಉಪಾಯ ಹೇಳಿದರು. ಕಿವಿಯೊಳಗೆ ಕಾಣದಂತೆ ಸಣ್ಣ ಯಂತ್ರ ಇಟ್ಟು, ನಾನು ದೂರ ಕೂತು ಇಡೀ ಪುಟವನ್ನು ಓದುತ್ತಾ ಹೋಗುವುದು. ನಮ್ಮ ಸಂಘದ ನಾಟಕದ ಹಾಗೆಯೇ.

ನಟರು ಬೇಡ ಎಂದರು. "ಕಿವಿಯಲ್ಲಿ ಒಬ್ಬರು ಮಾತಾಡುತ್ತಿದ್ದರೆ ಎದುರಿಗೆ ಕೂತ ಆ ಮೇಷ್ಟರು ನನಗೆ ಕೇಳಿಸುವುದಿಲ್ಲ."

"ಅವರಿಗೆ ಮಾತೇ ಇಲ್ಲವಲ್ಲ," ಎಂದರು ನಿರ್ದೇಶಕಿ.

"ಅದಕ್ಕೇ ಹೇಳಿದ್ದು."

ಅತಿಥಿಗೃಹದ ಅಂಗಳದಲ್ಲಿ ನಾವಿಬ್ಬರೂ ಪುಟ ಹಿಡಿದು ಕೂತೆವು. ನನಗೆ ಕೂರಲಾಗುತ್ತಿರಲಿಲ್ಲ. ಎರಡು ಸಲ ಎದ್ದು ನೀರು ಕುಡಿದು ಬಂದೆ. ಮಮ್ಮಿಯ ಫೋನು ಬಂದದ್ದನ್ನು ಎತ್ತಲಿಲ್ಲ. ಕೊನೆಗೆ ನೇರವಾಗಿ ಕೇಳಿದೆ. "ನೀವು ಸುಮ್ಮನಿರುವುದೂ ಮರೆತಿರುವುದೂ ಆ ಕ್ಷಣಕ್ಕೆ ನನಗೆ ಒಂದೇ ಥರ ಕಾಣುತ್ತದೆ. ಕೈ ನೋಡಿ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ನಾಳೆ ನೀವು ಒಂದು ಗುರುತು ಕೊಡಿ. ಬೆರಳು ಎತ್ತಿ, ಏನಾದರೂ ಮಾಡಿ."

ಅವರು ಬೆರಳೊಂದನ್ನು ಎತ್ತಿ ನೋಡಿದರು. "ಬೆರಳು ಎತ್ತಬೇಕೆಂದು ನೆನಪಿಟ್ಟುಕೊಂಡರೆ ಸುಮ್ಮನಿರಲು ಆಗುವುದಿಲ್ಲ."

ಆಮೇಲೆ ತಮ್ಮ ಹರೆಯದ ಕಾಲದ ಒಬ್ಬ ಹೆಂಗಸಿನ ಬಗ್ಗೆ ಹೇಳಿದರು. ಆಗ ಅವರ ರಂಗಮಂದಿರದಲ್ಲಿ ಪ್ರಾಂಪ್ಟರ್ ಇರುತ್ತಿದ್ದರು. ಅವರ ಭಾಷೆಯಲ್ಲಿ ಆ ಹುದ್ದೆಯ ಹೆಸರಿನ ಅರ್ಥ ಪಿಸುಗುಟ್ಟುವವರು ಎಂದು. ಈಚೆಗೆ ಆ ಹುದ್ದೆಯನ್ನೇ ತೆಗೆದುಹಾಕಿದ್ದಾರೆ. ಆಕೆ ಮೊದಲ ಸಾಲಿನ ತುದಿಯಲ್ಲಿ ಹೆಣಿಗೆ ಹಾಕುತ್ತಾ ಕೂರುತ್ತಿದ್ದಳಂತೆ. ಪುಸ್ತಕವನ್ನೂ ನೋಡುತ್ತಿರಲಿಲ್ಲ, ರಂಗವನ್ನೂ ನೋಡುತ್ತಿರಲಿಲ್ಲ. ಆದರೆ ಒಮ್ಮೆಯೂ ತಪ್ಪಾದ ಕಡೆ ಬಾಯಿ ಹಾಕಿದವಳಲ್ಲ.

"ಹೇಗೆ ಎಂದು ಕೇಳಿದ್ದೆ. ಮರೆತವನು ಉಸಿರು ಹಿಡಿದುಬಿಡುತ್ತಾನೆ, ಸುಮ್ಮನಿರುವವನು ಉಸಿರಾಡುತ್ತಿರುತ್ತಾನೆ, ಎಂದಳು. ಅವಳಿಗೆ ಅದು ಕೇಳಿಸುತ್ತಿತ್ತು. ಆ ಸಭಾಂಗಣ ಸಣ್ಣದು."

ನಾನು ವಾದಿಯನ್ನು ನೆನೆದೆ. ದೂರದಲ್ಲಿ ಜನರೇಟರು, ಬೆಳಗಿನ ಗಾಳಿ, ಆಡುಗಳು. ಅಲ್ಲಿ ಉಸಿರು ಕೇಳಿಸುವುದೆಂತು? ಹಾಗೆ ಯೋಚಿಸುತ್ತಿರುವಾಗಲೇ ಹೊಳೆಯಿತು. ಅವರ ಉಸಿರು ಕೇಳಿಸುವ ಒಬ್ಬರು ಆಗಲೇ ಇದ್ದರು. ಧ್ವನಿಯವರ ಕೋಣೆಗೆ ಹೋಗಿ ಕೇಳಿದೆ. "ಸರ್‌ನ ಅಂಗಿಯೊಳಗಿನ ಮೈಕಿನಲ್ಲಿ ಅವರ ಉಸಿರು ಕೇಳುತ್ತದಾ?"

"ಉಸಿರಾ? ಹೊಟ್ಟೆ ಗುರುಗುಟ್ಟುವುದೂ ಕೇಳುತ್ತದೆ. ಅದೇ ನನ್ನ ಕಷ್ಟ."

"ನಾಳೆ ನನಗೊಂದು ಹೆಡ್‌ಫೋನ್ ಬೇಕು. ಅವರ ಮೈಕು ಮಾತ್ರ. ಬೇರೆ ಏನೂ ಬೇಡ."

ಅವರು ಹಾಸಿಗೆಯ ಕೆಳಗಿನ ಪೆಟ್ಟಿಗೆಯಿಂದ ಒಂದನ್ನು ತೆಗೆದರು. ಅಲ್ಲೇ ನಟರನ್ನು ಕರೆಸಿ, ಮೈಕು ಹಾಕಿ, ಕತ್ತಲಾಗುವವರೆಗೆ ಪುಟವನ್ನು ಓದಿಸಿದೆವು. ಮೊದಮೊದಲು ಬಟ್ಟೆಯ ಸದ್ದೇ ಕೇಳುತ್ತಿತ್ತು. ಆಮೇಲೆ ಅದರ ಕೆಳಗೆ ಇನ್ನೊಂದು ಸದ್ದು ತಿಳಿಯಿತು. ಮಾತು ಮುಗಿದ ಮೇಲೂ ಸಣ್ಣಗೆ ಬಂದು ಹೋಗುತ್ತಿದ್ದ ಉಸಿರು. ಮರೆತಾಗ ಅದು ಬಾಗಿಲು ಹಾಕಿದಂತೆ ಫಕ್ಕನೆ ನಿಲ್ಲುತ್ತಿತ್ತು. ಆದರೆ ನಾನು ಪುಟ ನೋಡುತ್ತಿದ್ದರೆ ಅದು ತಪ್ಪಿಹೋಗುತ್ತಿತ್ತು, ಅವರ ಕೈ ನೋಡುತ್ತಿದ್ದರೂ ತಪ್ಪಿಹೋಗುತ್ತಿತ್ತು. ಕೇಳುವುದೊಂದನ್ನೇ ಮಾಡಿದರೆ ಮಾತ್ರ ಸಿಗುತ್ತಿತ್ತು.

ಅಂದರೆ ಮರುದಿನ ನಾನು ನನ್ನ ಕೆಲಸ ಮಾಡಲಾರೆ. ಅದನ್ನು ನಿರ್ದೇಶಕಿಗೆ ಹೇಳುವುದು ಆ ಇಡೀ ತಿಂಗಳ ಅತ್ಯಂತ ಕಷ್ಟದ ಮಾತಾಗಿತ್ತು.

"ನಾಳೆ ನಾನು ಹೊಂದಾಣಿಕೆ ನೋಡುವುದಿಲ್ಲ. ಅವರ ಕೈ ಎಲ್ಲಿತ್ತು, ಲೋಟ ಎಲ್ಲಿತ್ತು ಎಂದು ಕೇಳಿದರೆ ನನಗೆ ಗೊತ್ತಿರುವುದಿಲ್ಲ."

"ಕೊನೆಯ ದೃಶ್ಯದಲ್ಲಿ? ತುಂಡುಗಳು ಸೇರದಿದ್ದರೆ ಎಡಿಟರ್ ಯಾರನ್ನು ಬೈಯುತ್ತಾನೆ?"

"ನನ್ನನ್ನು. ಇನ್ನೊಂದು ಮಾತು. ನಾನು ಶಬ್ದ ಕೊಡದಿದ್ದರೆ ಅವರು ಮರೆತಿಲ್ಲ ಎಂದು ಅರ್ಥ. ಆಗ ನೀವೂ ಕಟ್ ಹೇಳಬಾರದು."

ಅವರು ಮರುದಿನದ ಶಾಟ್ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. ಕೊನೆಗೆ, "ನಿನಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತಿರಲಿಲ್ಲ," ಎಂದರು. ಒಪ್ಪಿದರೆಂದು ತಿಳಿದುಕೊಂಡೆ.

ಹೊಂದಾಣಿಕೆಯ ಕೆಲಸ ಅಂಕಲ್ ಪಾಲಿಗೆ ಬಂತು. ಬೆಳಿಗ್ಗೆ ಅವರು ಫೋನು ಹಿಡಿದು ಚಾಪೆಯ ಸುತ್ತ ಕುಪ್ಪಳಿಸುತ್ತಾ ಫೋಟೋ ತೆಗೆಯುತ್ತಿದ್ದರು.

"ಎಂತ ಎಲ್ಲ ತೆಗಿಬೇಕು ಹೇಳು. ಲೋಟ ಆಯ್ತು, ಕಾಲು ಆಯ್ತು. ಆ ಆಡಿನದ್ದೂ ಬೇಕಾ?"

"ಆಡು ಬೇಡ ಅಂಕಲ್."

"ಅದು ಆಗದಿಂದ ಅಲ್ಲೇ ನಿಂತುಂಟು ಮಾರಾಯ್ತಿ, ಚಾನ್ಸ್ ಕೇಳ್ಲಿಕ್ಕೆ ಬಂದ ಹಾಗೆ."

ನಾನು ಹೆಡ್‌ಫೋನ್ ಹಾಕಿಕೊಂಡೆ. ಆಡು, ಅಂಕಲ್, ಗಾಳಿ ಎಲ್ಲವೂ ದೂರ ಹೋದವು. ಪುಟವನ್ನು ಮಡಚಿ ಕುರ್ಚಿಯ ಕೆಳಗಿಟ್ಟೆ. ಅಷ್ಟು ಹೊತ್ತಿಗೆ ಅದು ನನಗೆ ಬಾಯಿಪಾಠವಾಗಿತ್ತು. ಕಣ್ಣು ಮುಚ್ಚಿದರೆ ಜನ ಏನೆಂದುಕೊಳ್ಳುತ್ತಾರೋ ಎಂದು ನನ್ನ ಚಪ್ಪಲಿಯ ಮುಂದಿದ್ದ ಕಲ್ಲೊಂದನ್ನು ನೋಡುತ್ತಾ ಕೂತೆ.

ಸಮುದ್ರದ ಮಾತು ಬಂತು, ಹೋಯಿತು. ನಾನು ಏನೂ ಕೊಡಬೇಕಾಗಲಿಲ್ಲ. "ಇಲ್ಲಿ ನೀರಿಲ್ಲ ಎಂಬ ಧೈರ್ಯದಿಂದ ನಾನೇ ಅವನನ್ನು ಕಳಿಸಿದೆ," ಎಂದರು. ನಿಂತರು.

ಉಸಿರು ಬಂತು. ಹೋಯಿತು. ಮತ್ತೆ ಬಂತು.

ನನ್ನ ನಾಲಿಗೆ ತಾನೇ ಎದ್ದಿತು. ಹಲ್ಲು ಕಚ್ಚಿಕೊಂಡೆ. ಓರೆಗಣ್ಣಿಗೆ ನಿರ್ದೇಶಕಿಯ ಕಾಲು ಕಾಣುತ್ತಿತ್ತು. ಅದು ನನ್ನ ಕಡೆ ತಿರುಗಿತು. ಅವರ ಆಚೆಯಿಂದ ಅಂಕಲ್ ಕೈ ಬೀಸುತ್ತಿದ್ದರು. ಕೊಡು, ಕೊಡು ಎಂದು. ರಂಗದ ಮೇಲೆ ನಿಂತು ನನ್ನ ಕಡೆಗೆ ಬೀಸುತ್ತಿದ್ದ ಅದೇ ಕೈ. ಉಸಿರು ಬರುತ್ತಲೇ ಇತ್ತು. ಸ್ವಲ್ಪ ನಡುಗುತ್ತಿತ್ತು, ಆದರೆ ನಿಂತಿರಲಿಲ್ಲ.

ಆಗ ಇನ್ನೊಂದು ಸದ್ದು ಕೇಳಿತು. ತಲೆ ಎತ್ತಿ ನೋಡಿದೆ. ಉಸ್ತಾದ್ ಕಾಫಿ ಬಗ್ಗಿಸುತ್ತಿದ್ದರು. ಈ ಊರಿನಲ್ಲಿ ಅತಿಥಿ ಸಾಕೆಂದು ಲೋಟವನ್ನು ಅಲುಗಿಸುವವರೆಗೆ ಬಗ್ಗಿಸುತ್ತಲೇ ಇರಬೇಕು. ನಟರು ಖಾಲಿ ಲೋಟ ಹಿಡಿದು ಸುಮ್ಮನೆ ಕೂತಿದ್ದರು, ಅಲುಗಿಸಿರಲಿಲ್ಲ. ಆದ್ದರಿಂದ ಸ್ಕ್ರಿಪ್ಟಿನಲ್ಲಿ ಇಲ್ಲದಿದ್ದರೂ ಉಸ್ತಾದ್ ತುಂಬಿಸಿದರು. ನಟರು ಲೋಟವನ್ನು ನೋಡಿದರು, ಕುಡಿದರು. ಕುಡಿದು, "ನೀವು ಅವನ ಬೂಟು ಒಣಗಿಸಿ ಇಟ್ಟಿದ್ದಿರಿ," ಎಂದರು.

ಅಲ್ಲಿಂದ ಕೆಲವು ಸಾಲು ಸರಾಗವಾಗಿ ಹೋಯಿತು. ಕೊನೆಯ ಮಾತಿಗೆ ಒಂದೇ ಸಾಲು ಉಳಿದಿರುವಾಗ ನನ್ನ ಕಿವಿಯಲ್ಲಿ ಬಾಗಿಲು ಹಾಕಿದಂತಾಯಿತು. ಹೊರಗೆ ನೋಡಿದರೆ ಏನೂ ವ್ಯತ್ಯಾಸವಿರಲಿಲ್ಲ. ಅದೇ ಮುಖ, ಅದೇ ನಿಲುವು. ಎರಡು ಶಬ್ದ ಕೊಟ್ಟೆ. ಅವರು ಸ್ವಲ್ಪ ತಡೆದು ಎತ್ತಿಕೊಂಡರು, ಮುಗಿಸಿದರು.

ನಿರ್ದೇಶಕಿ ಕಟ್ ಹೇಳಿದ್ದು ಬಹಳ ಹೊತ್ತಿನ ಮೇಲೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಬಿಸಿಲಿನ ಭಯ. ನಿರ್ದೇಶಕಿ ಈ ಸಲ ಬಂಡೆಯ ಹಿಂದೆ ಹೋಗದೆ, ಅಲ್ಲೇ ನಿಂತು ನಿರ್ಮಾಪಕರಿಗೆ ಫೋನು ಮಾಡಿದರು. "ಬೇರೆಯವರ ದನಿ ಬೇಕಾಗಿಲ್ಲ. ಪೂರ್ತಿ ಪುಟ ಇದೆ. ಅವರದ್ದೇ." ಅಷ್ಟು ಹೇಳಿ ಇಟ್ಟರು.

ಆದರೆ ಕೆಲಸ ಮುಗಿದಿರಲಿಲ್ಲ. ಈಗ ಕ್ಯಾಮೆರಾ ತಿರುಗಿಸಿ ಅದೇ ಮಾತನ್ನು ಕೇಳುವ ಉಸ್ತಾದರ ಮುಖ ತೆಗೆಯಬೇಕು. ನಟರು ಕ್ಯಾಮೆರಾದ ಹಿಂದೆ ಕೂತು ಮತ್ತೊಮ್ಮೆ ಹೇಳಬೇಕು. ನೆರಳು ಹೆಚ್ಚು ಉಳಿದಿರಲಿಲ್ಲ, ಒಂದೇ ಟೇಕು. ಅವರು ತಮ್ಮ ಜಾಗಕ್ಕೆ ಬಂದವರು ಕೂರಲಿಲ್ಲ. ನನ್ನನ್ನು ಕರೆದರು.

"ನೀನು ಕೂತು ಹೇಳು."

"ನಾನೇ? ಸರ್, ಅದು ನಿಮ್ಮ ಮಾತು."

"ಆ ಮೇಷ್ಟರಿಗೆ ಈಗ ಎಲ್ಲೂ ಮುರಿಯದ ಮಾತು ಬೇಕು. ನಾನು ಮುರಿದರೆ ಅವರೂ ಮುರಿಯುತ್ತಾರೆ. ಇನ್ನೊಂದು ಸಲ ಪೂರ್ತಿ ಹೇಳಲು ನನ್ನಿಂದ ಆಗುವುದಿಲ್ಲ." ಅದನ್ನು ಅವರು ನಾಚಿಕೆಯಿಂದಾಗಲಿ ದುಃಖದಿಂದಾಗಲಿ ಹೇಳಲಿಲ್ಲ. ಬೂಟಿನ ಅಳತೆ ಹೇಳುವವರಂತೆ ಹೇಳಿದರು.

ಕೂತೆ. ನಿರ್ದೇಶಕಿ ಬಗ್ಗಿ ಕೇಳಿದರು. "ಅವರು ಸುಮ್ಮನಿದ್ದದ್ದು ಎಷ್ಟು ಹೊತ್ತು? ಇದೂ ಅಷ್ಟೇ ಇರಬೇಕು."

"ಅಳತೆ ಮಾಡಿಲ್ಲ."

"ಮತ್ತೆ ಹೇಗೆ ಹೊಂದಿಸುತ್ತೀ?"

"ಹೊಂದುತ್ತದೆ," ಎಂದೆ. ಹೇಗೆಂದು ವಿವರಿಸಲು ಹೊತ್ತಿರಲಿಲ್ಲ.

ಉಸ್ತಾದ್ ನನ್ನನ್ನು ನೋಡಿ ತಲೆಯಾಡಿಸಿದರು. ಕ್ಯಾಮೆರಾ ಓಡಿತು. ಪರದೆಯ ಹಿಂದೆ ಅಲ್ಲದೆ, ಒಬ್ಬರ ಮುಖಕ್ಕೆ ಮುಖ ಕೊಟ್ಟು ನಾನು ಹೀಗೆ ಮಾತಾಡಿದ್ದು ಇಲ್ಲವೇ ಇಲ್ಲ. ಮಗನ ಬಗ್ಗೆ ಹೇಳಿದೆ, ಸಮುದ್ರದ ಬಗ್ಗೆ ಹೇಳಿದೆ. ನನ್ನ ದನಿ ತೆಳುವಾಗಿ ಕೇಳುತ್ತಿತ್ತು, ಆದರೆ ಎಲ್ಲೂ ತಡೆಯಲಿಲ್ಲ. ಇಲ್ಲಿ ನೀರಿಲ್ಲ ಎಂಬ ಧೈರ್ಯದಿಂದ ನಾನೇ ಅವನನ್ನು ಕಳಿಸಿದೆ ಎಂದೆ. ನಿಲ್ಲಿಸಿದೆ.

ನಟರ ಉಸಿರು ನನಗೆ ಇನ್ನೂ ನೆನಪಿತ್ತು. ಅದು ಬಂದಷ್ಟು ಸಲ ನಾನೂ ಎಳೆದುಕೊಂಡೆ, ಬಿಟ್ಟೆ. ಉಸ್ತಾದರ ಗಲ್ಲ ಒದ್ದೆಯಾಯಿತು, ಅವರು ಒರೆಸಿಕೊಳ್ಳಲಿಲ್ಲ. ಅವರ ಹೆಗಲಿನ ಆಚೆ ಬಿಸಿಲು ಬಂಡೆಯಿಂದ ಬಂಡೆಗೆ ಇಳಿಯುತ್ತಿತ್ತು. ಈಚೆ, ಕ್ಯಾಮೆರಾದ ಕಾಲಿನ ಬಳಿ, ನಟರು ಮಂಡಿಯೂರಿ ಕೂತಿದ್ದರು. ನಾನು ಬಿಟ್ಟುಬಂದ ಪುಟ ಅವರ ಕೈಯಲ್ಲಿತ್ತು, ಬೆರಳು ಮುಂದಿನ ಸಾಲಿನ ಮೇಲಿತ್ತು. ನಾನು ಮರೆತೆನೋ ಎಂದು ಅವರು ತಲೆ ಎತ್ತಿ ನನ್ನನ್ನು ನೋಡಿದರು. ತುಟಿ ತೆರೆದಿತ್ತು. ಆಮೇಲೆ ಅದನ್ನು ಮುಚ್ಚಿಕೊಂಡು ಕಾದರು.